ಸರ್ಕಲ್ಲಿಗೊಬ್ಬಳು ಕೊಡದ ಹೆಂಗಸು

ಈ ಬೇಸಿಗೆಯ ಮೊದಲಲ್ಲಿ ನನಗೊಂದು ಕರೆ ಬಂತು. ಊರಿನ ದೊಡ್ಡ ಸರ್ಕಲ್ಲನ್ನು ಅಂದಗೊಳಿಸುವ ಬಗ್ಗೆ ಸಭೆಯಿದೆ, ತಾವೂ ಬರಬೇಕು ಎಂದು. ಪಾಠ ಹೇಳುವವಳಿಗೆ ಸಿಮೆಂಟು ಕಾಮಗಾರಿಯ ವಿಷಯ ಏನು ತಿಳಿದೀತು ಎಂದು ನಾನು ಅನುಮಾನಿಸುತ್ತಿರುವಾಗಲೇ ಆ ಕಡೆಯಿಂದ ಸಮಾಧಾನವೂ ಬಂತು. "ಹೆಂಗಸರ ಕಡೆಯಿಂದ ಒಬ್ಬರು ಇರಲಿ ಅಂತ ಮೇಡಂ. ಜಾಸ್ತಿ ಹೊತ್ತೇನೂ ಆಗಲ್ಲ."

ಯಾವ ಊರು ಎಂದು ಕೇಳಬೇಡಿ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಕೆಲಸ ಮಾಡಿದ್ದೇನೆ. ಮೂರೂ ಕಡೆ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ಮೂರೂ ಕಡೆ ಮದುವೆ ಮುಂಜಿಗೆ ಹೋಗಿ ಉಂಡು ಬರಬೇಕಾದವಳು ನಾನು. ಹೆಸರು ಹೇಳಿ ನಿಷ್ಠುರ ಕಟ್ಟಿಕೊಳ್ಳುವುದೇಕೆ? ನೀವು ತಿಪಟೂರಿನವರಾಗಿದ್ದರೆ ತಿಪಟೂರು ಎಂದೂ, ಹರಿಹರದವರಾಗಿದ್ದರೆ ಹರಿಹರ ಎಂದೂ ಓದಿಕೊಂಡರೆ ಅಷ್ಟೇನೂ ತಪ್ಪಾಗಲಾರದು.

ಸಭೆಯಲ್ಲಿ ಹನ್ನೊಂದು ಜನ ಗಂಡಸರು, ನಾನೊಬ್ಬಳು. ಮೇಜಿನ ಮೇಲೆ ಬಣ್ಣಬಣ್ಣದ ಪಟಗಳಿದ್ದ ಒಂದು ಫೈಲು. ವಿಷಯ ಆಗಲೇ ತೀರ್ಮಾನವಾಗಿತ್ತು, 'ಜಲವೇ ಜೀವನ'. ಸರ್ಕಲ್ಲಿನ ನಡುವೆ ದುಂಡನೆಯ ತೊಟ್ಟಿ, ತೊಟ್ಟಿಯ ನಡುವೆ ಕಮಲ, ಕಮಲದ ಮೇಲೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ನಾಲ್ವರು ಹೆಂಗಸರು. ನಾಲ್ವರ ಸೊಂಟದ ಮೇಲೂ ಕೊಡ, ನಾಲ್ಕು ಕೊಡದಿಂದಲೂ ಧಾರೆಯಾಗಿ ಸುರಿಯುವ ನೀರು, ರಾತ್ರಿಯ ಹೊತ್ತು ಕೆಳಗಿನಿಂದ ಹಸಿರು, ಕೆಂಪು, ನೀಲಿ ದೀಪ. ಎಲ್ಲವೂ ಫೈಬರಿನದು, ಹಗುರ, ಲಾರಿಯಲ್ಲಿ ತಂದು ಇಳಿಸಿದರೆ ಆಯಿತು. ಪಟವನ್ನು ನನ್ನ ಕಡೆ ಸರಿಸಿ ಹಿರಿಯರೊಬ್ಬರು ಬಹಳ ಮರ್ಯಾದೆಯಿಂದ ಕೇಳಿದರು. "ಸೀರೆಗೆ ಯಾವ ಬಣ್ಣ ಹಾಕಿಸೋಣ, ನೀವೇ ಹೇಳಿ ಟೀಚರ್. ಅದು ನಿಮಗೇ ಗೊತ್ತಾಗೋದು."

ನನ್ನನ್ನು ಕರೆಸಿದ್ದು ಆ ಬಣ್ಣ ಹೇಳುವುದಕ್ಕೆ.

ಆ ದಿನ ಬೆಳಿಗ್ಗೆ ಹಾಜರಿ ಪುಸ್ತಕ ತೆಗೆದಾಗ ಒಂಬತ್ತನೆಯ ತರಗತಿಯಲ್ಲಿ ಐದು ಹುಡುಗಿಯರು ಬಂದಿರಲಿಲ್ಲ. ಹುಡುಗರಲ್ಲಿ ಒಬ್ಬ, ಅವನಿಗೆ ಜ್ವರ. ಐದು ಹುಡುಗಿಯರಿಗೆ ಏನಾಗಿದೆ ಎಂದು ನಾನು ಕೇಳಲಿಲ್ಲ. ಅವರ ಬೀದಿಗೆ ಅದು ನೀರು ಬರುವ ದಿನ. ನಾಲ್ಕು ದಿನಕ್ಕೊಮ್ಮೆಯೋ ಐದು ದಿನಕ್ಕೊಮ್ಮೆಯೋ ನೀರುಗಂಟಿ ವಾಲ್ವು ತಿರುಗಿಸುತ್ತಾನೆ. ಎಷ್ಟು ಗಂಟೆಗೆ ಎಂದು ಅವನಿಗೂ ಗೊತ್ತಿಲ್ಲ, ಕರೆಂಟಿಗೆ ಮಾತ್ರ ಗೊತ್ತು. ಅಪ್ಪ ಕೆಲಸಕ್ಕೆ ಹೋಗುತ್ತಾನೆ, ಅಮ್ಮ ಕೂಲಿಗೋ ತೋಟಕ್ಕೋ ಹೋಗುತ್ತಾಳೆ, ಅಣ್ಣನಿಗೆ ಟ್ಯೂಷನ್ನು. ಮನೆಯಲ್ಲಿ ಉಳಿದು ನಲ್ಲಿ ಕಾಯುವವಳು ಯಾರು? ಒಂದು ವರ್ಷದಲ್ಲಿ ಇಂಥ ಎಷ್ಟು ದಿನಗಳಾದವು ಎಂದು ಲೆಕ್ಕ ಹಾಕಿ ನೋಡಿ. ಗಣಿತದ ಸೂತ್ರ ಹೇಳಿಕೊಟ್ಟ ದಿನವೇ ನೀರು ಬಂದಿದ್ದರೆ ಆ ಸೂತ್ರ ಅವಳ ಪಾಲಿಗೆ ಹೋಯಿತು.

ಪಟದಲ್ಲಿದ್ದ ನಾಲ್ವರು ಹೆಂಗಸರನ್ನು ಮತ್ತೊಮ್ಮೆ ನೋಡಿದೆ. ನಗುತ್ತಿದ್ದರು. ಹೊಟ್ಟೆಯ ಮೇಲೆ ಒಂದು ಮಡಿಕೆಯೂ ಇಲ್ಲ, ಕಾಲಲ್ಲಿ ಚಪ್ಪಲಿಯೂ ಇಲ್ಲ, ಬೆವರಂತೂ ಇಲ್ಲವೇ ಇಲ್ಲ. ಕೈತುಂಬ ಬಳೆ. ಕೊಡ ತುಂಬಿದ್ದರೂ ಸೊಂಟ ಒಂದು ಕಡೆಗೆ ಬಳ್ಳಿಯ ಹಾಗೆ ಬಳುಕಿತ್ತು. ನಮ್ಮ ಬೀದಿಯ ಪ್ಲಾಸ್ಟಿಕ್ ಬಿಂದಿಗೆಗೆ ಸುಮಾರು 15 ಲೀಟರು ಹಿಡಿಯುತ್ತದೆ, ಅಂದರೆ 15 ಕಿಲೋ ತೂಕ. ಅದನ್ನು ಸೊಂಟದ ಮೇಲಿಟ್ಟುಕೊಂಡು ಏರಿನ ರಸ್ತೆಯಲ್ಲಿ ನಡೆದವಳ ಸೊಂಟ ಬಳುಕುವುದಿಲ್ಲ, ನೋಯುತ್ತದೆ. ಗರ್ಭಿಣಿಯರು ಹೊರುತ್ತಾರೆ, ಆಪರೇಷನ್ ಆದ ತಿಂಗಳಿಗೇ ಹೊರುತ್ತಾರೆ. ತಲೆಯ ಮೇಲೆ ಹೊರುವವರಿಗಾದರೂ ಒಂದು ಸಿಂಬೆ ಬೇಕು. ಪ್ರತಿಮೆ ಮಾಡುವವರು ಆ ಸಿಂಬೆಯನ್ನು ಯಾವತ್ತೂ ಮರೆಯುತ್ತಾರೆ, ಏಕೆಂದರೆ ಅವರ ತಲೆಯ ಮೇಲೆ ಯಾವತ್ತೂ ಕೊಡ ಕೂತಿಲ್ಲ.

ನಮ್ಮ ಊರುಗಳಲ್ಲಿ ಗಂಡಸಿನ ಪ್ರತಿಮೆಗಳನ್ನು ಗಮನಿಸಿದ್ದೀರಾ? ಕೈಯಲ್ಲಿ ಕತ್ತಿ, ಇಲ್ಲವೇ ಪುಸ್ತಕ, ಇಲ್ಲವೇ ಮುಂದಕ್ಕೆ ಚಾಚಿದ ಒಂದು ಬೆರಳು. ಅವನಿಗೊಂದು ಹೆಸರಿರುತ್ತದೆ, ಹುಟ್ಟಿದ ವರ್ಷ, ಸತ್ತ ವರ್ಷ ಇರುತ್ತದೆ. ಕೊಡ ಹೊತ್ತವಳಿಗೆ ಹೆಸರಿಲ್ಲ. ಅವಳು ಯಾರ ಮಗಳೂ ಅಲ್ಲ, ಬರೀ ಹೆಂಗಸು. ನೀರು ಹೊರುವುದು ಒಂದು ಕೆಲಸವಲ್ಲ, ಒಂದು ಭಂಗಿ ಎಂದು ಆ ಪ್ರತಿಮೆ ಹೇಳುತ್ತದೆ. ಅದರ ಎದುರು ಬಸ್ಸಿಗೆ ಕಾಯುವ ಹುಡುಗಿ ದಿನಾ ಅದನ್ನು ನೋಡುತ್ತಾಳೆ, ಹುಡುಗನೂ ನೋಡುತ್ತಾನೆ. ನಾನು ತರಗತಿಯಲ್ಲಿ ಕರಿಹಲಗೆಯ ಮೇಲೆ ಸಮಾನತೆ ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೂ ಆ ಪ್ರತಿಮೆಯಷ್ಟು ಎತ್ತರ ಬರೆಯಲಾರೆ.

ಇಷ್ಟನ್ನೂ ಸಭೆಯಲ್ಲಿ ಹೇಳಿದೆ ಎಂದುಕೊಳ್ಳಬೇಡಿ. ಅಲ್ಲಿ ನಾನು ಕೇಳಿದ್ದು ಒಂದೇ. "ಈ ಕೊಡಕ್ಕೆ ನೀರು ಎಲ್ಲಿಂದ?"

ಒಬ್ಬರು ನಕ್ಕರು. ಇಂಜಿನಿಯರು ಮಾತ್ರ ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ಒಮ್ಮೆ ತುಂಬಿದರೆ ಅದೇ ನೀರು ಮೋಟಾರಿನಿಂದ ಸುತ್ತುತ್ತಿರುತ್ತದೆ, ಹೆಚ್ಚು ಖರ್ಚಾಗುವುದಿಲ್ಲ ಎಂದರು. ಸರಿಯೇ. ಆದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲು ಎಷ್ಟು ನೀರು ಕುಡಿಯುತ್ತದೆ ಎಂಬುದು ಬಾನಿಯಲ್ಲಿ ನೀರಿಟ್ಟು ನೋಡಿದವರಿಗೆಲ್ಲ ಗೊತ್ತು. ಮೋಟಾರು ಕೆಟ್ಟ ದಿನದಿಂದ ಆ ತೊಟ್ಟಿ ಸೊಳ್ಳೆಯ ಮನೆ. ಡೆಂಗಿಯ ಸೊಳ್ಳೆ ಚರಂಡಿಯ ಕೊಳಕಿಗಿಂತ ಇಂಥ ನಿಂತ ತಿಳಿನೀರಿನಲ್ಲೇ ಮೊಟ್ಟೆಯಿಡುವುದು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ಅಷ್ಟು ಬೇಗ ಮರೆಯುವುದು ಬೇಡ. ಅದೇ ವರ್ಷದ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯುವುದಕ್ಕೆ, ಕೈತೋಟಕ್ಕೆ, ಅಲಂಕಾರದ ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ರಾಜಧಾನಿಯೇ ಕಾರಂಜಿಯ ಬಾಯಿ ಕಟ್ಟಿದ್ದನ್ನು ಪೇಪರಿನಲ್ಲಿ ಓದಿಯೂ ನಾವು ಅದನ್ನೇ ತರಿಸಲು ಟೆಂಡರು ಕರೆಯುತ್ತೇವೆ.

ಸಣ್ಣ ಊರಿನ ಸಣ್ಣ ಆಸೆ, ಪಾಪ, ಎಂದು ಬಿಡಬಹುದಿತ್ತು. ಆದರೆ ದೊಡ್ಡವರ ಆಸೆಯೂ ಇದೇ. 2018ರ ನವೆಂಬರಿನಲ್ಲಿ ಕನ್ನಂಬಾಡಿ ಕಟ್ಟೆಯ ಬಳಿ 125 ಅಡಿ ಎತ್ತರದ ಕಾವೇರಿ ಮಾತೆಯ ಪ್ರತಿಮೆ ನಿಲ್ಲಿಸುವ ಯೋಜನೆಯನ್ನು ಆಗಿನ ಸರ್ಕಾರ ಪ್ರಕಟಿಸಿತು. ಕಟ್ಟೆಯ ಪೂರ್ಣಮಟ್ಟವೇ 124.80 ಅಡಿ. ನೀರಿಗಿಂತ ನೀರಿನ ಬೊಂಬೆ ಒಂದು ಹಿಡಿ ಎತ್ತರ ಇರಲಿ ಎಂದೇ ಅಳೆದರೋ ಏನೋ! 2025ರಲ್ಲಿ ಅಲ್ಲೇ ಕಾವೇರಿ ಆರತಿಗೆಂದು 92 ಕೋಟಿ ರೂಪಾಯಿಯ ಯೋಜನೆ ಬಂತು. ಮಂಡ್ಯದ ಕಡೆಯ ರೈತರು ಬೇಡವೆಂದರು, ಮಾತು ಹೈಕೋರ್ಟಿನವರೆಗೂ ಹೋಯಿತು. ಬೃಂದಾವನದಲ್ಲಿ ಅಣೆಕಟ್ಟಿನ ಬುಡದಲ್ಲಿ ಕಾವೇರಿಯ ವಿಗ್ರಹ ಮೊದಲಿನಿಂದಲೂ ಇದೆಯಲ್ಲ! ಮನುಷ್ಯರ ಅಳತೆಯದು. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅದರ ಮುಂದೆ ನಿಂತು ಕೈಮುಗಿದಿದ್ದೇನೆ. ಅವಳ ಹಿಂದೆ ಕಟ್ಟೆಯ ತುಂಬ ನೀರಿತ್ತು, ಅದಕ್ಕೇ ಅವಳು ಚೆಂದ.

ನನಗೆ ಕಲೆಯೆಂದರೆ ಆಗದು, ಬರೀ ಪೈಪು ಪಂಪಿನ ಲೆಕ್ಕ ಎಂದು ಯಾರೂ ತಿಳಿಯಬಾರದು. ಆ ಸಭೆಯಲ್ಲೂ ಒಬ್ಬರು ಹಾಗೆಯೇ ಅಂದರು. "ಎಲ್ಲದಕ್ಕೂ ಉಪಯೋಗ ನೋಡಿದ್ರೆ ಊರಿಗೆ ಅಂದ ಎಲ್ಲಿಂದ ಬರತ್ತೆ ಮೇಡಂ?" ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ನಾವು ಫೈಬರ್ ಅಂಗಡಿಯ ಫೈಲು ತೆರೆಯಬೇಕಿಲ್ಲ, ಅರ್ಧ ದಿನ ಬಸ್ಸು ಹತ್ತಿದರೆ ಸಾಕು.

ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಕಡೆ ಹೊರಟರೆ ಕಲ್ಲತ್ತಿಗಿರಿ ಸಿಗುತ್ತದೆ. ಬಂಡೆಗಳ ಸಂದಿನಲ್ಲಿ ವಿಜಯನಗರದ ಕಾಲದ ವೀರಭದ್ರನ ಗುಡಿ, ಬಂಡೆಯಲ್ಲೇ ಕಡೆದ ಆನೆಗಳು, ಅವುಗಳ ಮೇಲೆ ಬೆಟ್ಟದ ಹಳ್ಳ ಬಂದು ಬೀಳುತ್ತದೆ. ಮೋಟಾರಿಲ್ಲ, ಬಣ್ಣದ ದೀಪವಿಲ್ಲ. ನೀರು ಎಲ್ಲಿ ಬೀಳುತ್ತಿತ್ತೋ ಅಲ್ಲಿಗೆ ಶಿಲ್ಪಿ ಹೋದ, ಶಿಲ್ಪವಿದ್ದಲ್ಲಿಗೆ ನೀರನ್ನು ಎಳೆದು ತರಲಿಲ್ಲ. ಮಳೆ ಹಿಡಿದ ದಿನಗಳಲ್ಲಿ ಅಲ್ಲಿ ನಿಂತರೆ ಮಾತು ಕೇಳಿಸುವುದಿಲ್ಲ, ಕೇಳಿಸಬೇಕು ಎಂದೂ ಅನ್ನಿಸುವುದಿಲ್ಲ.

ಕೆರೆಗಳ ತೂಬನ್ನೇ ನೋಡಿ. ಎರಡು ಕಲ್ಲುಕಂಬ, ನಡುವೆ ಅಡ್ಡಪಟ್ಟಿ, ಎಷ್ಟೋ ಕಡೆ ಅದರ ಮೇಲೆ ಗಜಲಕ್ಷ್ಮಿ. ನೀರು ಬಿಡುವ ಯಂತ್ರವೂ ಅದೇ, ಅಂದವೂ ಅದೇ. ಕೆರೆಯಲ್ಲಿ ಎಷ್ಟು ನೀರಿದೆ ಎಂದು ಏರಿಯ ಮೇಲೆ ನಿಂತವರು ಕಂಬ ನೋಡಿ ಹೇಳುತ್ತಿದ್ದರು. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ರುಕ್ಮಾಂಗದ ರಾಯ ಕಟ್ಟಿಸಿದ್ದೆಂದು ಹೇಳಿಕೆ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಬಲ್ಲಪ್ಪ ನಾಯಕ ಅದನ್ನು ದುರಸ್ತಿ ಮಾಡಿಸಿದ. ಬೆಟ್ಟಗಳ ನಡುವಿನ ಆ ನೀರಿಗಿಂತ ದೊಡ್ಡ ಅಲಂಕಾರ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ, ಗದ್ದೆಗೂ ಅದರದೇ ನೀರು. ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆಗೆ ಮಳೆ ಬಂದದ್ದನ್ನು ಜನಪದರು ಹಾಡು ಕಟ್ಟಿ ಕನ್ನಡ ನಾಡಿಗೆಲ್ಲ ಹರಡಿದರು. ತರೀಕೆರೆಯ ಏರಿಯ ಮೇಲೆ ಮೇಯುವ ಮೂರು ಕುರಿಮರಿಗಳಂತೂ ನಾಲಿಗೆ ತೊಡರುವ ಎಲ್ಲ ಮಕ್ಕಳಿಗೂ ಗೊತ್ತು. ಕೆರೆ ಇದ್ದದ್ದರಿಂದ ಹಾಡು ಬಂತು. ಹಾಡಿಗೆ ಟೆಂಡರು ಕರೆದಿರಲಿಲ್ಲ.

ಕಲ್ಯಾಣಿ ನೋಡಬೇಕಾದರೆ ಅಜ್ಜಂಪುರದಿಂದ ಉತ್ತರಕ್ಕೆ, ಚನ್ನಗಿರಿ ದಾಟಿ ಸಂತೇಬೆನ್ನೂರಿಗೆ ಹೋಗಿ. ಹದಿನಾರನೆಯ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಹೊಂಡ, ನಡುವೆ ವಸಂತಮಂಟಪ. ಸುತ್ತಲಿನ ಮೆಟ್ಟಿಲ ಮೇಲೆ ಯಾರು ಬೇಕಾದರೂ ಕೂರಬಹುದು. ನಾನು ಒಮ್ಮೆ ಅಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿ ಮಕ್ಕಳ ಜೊತೆ ಮಧ್ಯಾಹ್ನವೆಲ್ಲ ಕೂತಿದ್ದೆ. ನಮ್ಮ ಸರ್ಕಲ್ಲಿನ ನಕ್ಷೆಯಲ್ಲಿ ತೊಟ್ಟಿಯ ಸುತ್ತ ಚೂಪು ತುದಿಯ ಕಬ್ಬಿಣದ ಬೇಲಿ ಇತ್ತು, ಯಾರೂ ಕೂರಬಾರದೆಂದು.

ಅಮೃತಾಪುರದ ಮಾತು ಹೇಳದಿದ್ದರೆ ತರೀಕೆರೆಯವರು ನನ್ನನ್ನು ಬಿಡರು. 1196ರಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿ. ಶಾಸನದ ಪದ್ಯಗಳು ಕವಿ ಜನ್ನನವು. ಕೆಲಸ ಮಾಡಿದ ಶಿಲ್ಪಿಗಳಲ್ಲಿ ರೂವಾರಿ ಮಲ್ಲಿತಮ್ಮ ಒಬ್ಬ, ಎಂಟು ನೂರು ವರ್ಷದ ಮೇಲೂ ಅವನ ಹೆಸರು ನಮಗೆ ಗೊತ್ತು, ಏಕೆಂದರೆ ಹೊಯ್ಸಳರ ಗುಡಿಗಳಲ್ಲಿ ಶಿಲ್ಪಿ ತನ್ನ ಹೆಸರನ್ನು ಕಲ್ಲಿನ ಮೇಲೆ ಬರೆಯಬಹುದಾಗಿತ್ತು. ನಮ್ಮ ಸರ್ಕಲ್ಲಿನ ನಕ್ಷೆಯಲ್ಲಿ ಕಪ್ಪು ಗ್ರಾನೈಟಿನ ಫಲಕಕ್ಕೂ ಜಾಗವಿತ್ತು. ಅದರಲ್ಲಿ ಯಾರ ಯಾರ ಹೆಸರು ಯಾವ ಕ್ರಮದಲ್ಲಿ ಬರಬೇಕು ಎಂಬುದರ ಮೇಲೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಪ್ರತಿಮೆ ಮಾಡುವವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಮಾಡುವವರು ಯಾರು ಎಂದು ಕೇಳಿದೆ. ಕಂಟ್ರಾಕ್ಟರು ಎಂದರು.

ಹೆಂಗಸಿಗೂ ನೀರಿಗೂ ಇರುವ ನಂಟನ್ನು ನಾನು ಅಲ್ಲಗಳೆಯುತ್ತಿಲ್ಲ. ಬಾಣಂತಿ ಹೊರಗೆ ಕಾಲಿಟ್ಟ ಮೊದಲ ದಿನ ಬಾವಿಯ ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ ಗಂಗೆಪೂಜೆ ಮಾಡುತ್ತಾಳೆ. ಬಾವಿ ಹೋದ ಮೇಲೆ ನಲ್ಲಿಗೆ, ನಲ್ಲಿ ಒಣಗಿದ ಮೇಲೆ ಬೋರ್‌ವೆಲ್ಲಿನ ಪೈಪಿಗೆ ಹಚ್ಚಿದ್ದೂ ಆಯಿತು. ಕಡೂರಿನ ಬಳಿ ವೇದಾ, ಅವತಿ ಎರಡು ಹೊಳೆಗಳು ಸೇರಿ ವೇದಾವತಿಯಾಗುತ್ತವೆ, ಎರಡೂ ಹೆಣ್ಣು ಹೆಸರು. ಅದೇ ನೀರು ಮುಂದೆ ಮಾರಿಕಣಿವೆ ಸೇರುತ್ತದೆ. ಆ ಕಟ್ಟೆಯ ಕೆಲಸ ಶುರುವಾದದ್ದು 1898ರಲ್ಲಿ, ಮೈಸೂರನ್ನು ಆಗ ಆಳುತ್ತಿದ್ದದ್ದು ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸಾಗರ ಎಂಬ ಹೆಸರು ಅವರದೇ. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ. ಅದೇ ಕಟ್ಟೆಗೆ ಭದ್ರೆಯ ನೀರು ಹರಿಸಲು ಅಜ್ಜಂಪುರದ ಬಳಿ ಸುಮಾರು 7 ಕಿ.ಮೀ. ಸುರಂಗ ಕೊರೆದಿದ್ದಾರೆ. ಚನ್ನಗಿರಿ ಸೀಮೆಯ ಸೂಳೆಕೆರೆ ಕಟ್ಟಿಸಿದ್ದು ಶಾಂತವ್ವ ಎಂದು ಕಥೆ ಹೇಳುತ್ತದೆ. ಹೆಸರಿಗೆ ನಾಚಿ ಈಗ ಶಾಂತಿಸಾಗರ ಎನ್ನುತ್ತಾರೆ. ಕೆರೆ ಕಟ್ಟಿಸಿದವಳ ಹೆಸರನ್ನೇ ಉಳಿಸಿ ಶಾಂತವ್ವನ ಕೆರೆ ಎಂದಿದ್ದರೆ ಯಾರ ಮಾನ ಹೋಗುತ್ತಿತ್ತು?

ನಿಮ್ಮ ಪರ್ಸಿನಲ್ಲಿ ಹೊಸ ನೂರು ರೂಪಾಯಿಯ ನೋಟಿದ್ದರೆ ತೆಗೆದು ಹಿಂದೆ ತಿರುಗಿಸಿ. ಅಲ್ಲಿರುವುದು ಗುಜರಾತಿನ ಪಾಟಣದ ರಾಣಿ ಕಿ ವಾವ್, ಹನ್ನೊಂದನೆಯ ಶತಮಾನದ ಮೆಟ್ಟಿಲುಬಾವಿ. ರಾಣಿ ಉದಯಮತಿ ತೀರಿಹೋದ ಗಂಡ ಭೀಮದೇವನ ನೆನಪಿಗೆ ಕಟ್ಟಿಸಿದ್ದು. ಏಳು ಅಂತಸ್ತು ಕೆಳಗಿಳಿಯುವ ಗೋಡೆಗಳ ತುಂಬ ಶಿಲ್ಪ. ನೀರಿನ ಮೇಲೆ ಕಲೆಗೆ ಹಣ ಹಾಕಿದ ಹೆಂಗಸು ಅವಳು. ಕೊಡ ಹೊರುವವಳ ಬೊಂಬೆ ನಿಲ್ಲಿಸಲಿಲ್ಲ, ಬಾವಿ ತೋಡಿಸಿದಳು.

ಹಾಗೆಂದು ಹಿಂದಿನದೆಲ್ಲ ಚಿನ್ನ ಎನ್ನಲಾರೆ. 'ಕೆರೆಗೆ ಹಾರ'ವನ್ನು ಪಾಠ ಮಾಡುವಾಗ ಪ್ರತಿ ವರ್ಷ ನನಗೆ ಗಂಟಲು ಕಟ್ಟುತ್ತದೆ. ಕೆರೆಗೆ ನೀರು ಬರಲಿಲ್ಲವೆಂದು ಕಿರಿಸೊಸೆ ಭಾಗೀರತಿಯನ್ನು ಬಲಿ ಕೊಡುತ್ತಾರೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಕುಂದು. ಮನೆಯ ಮಗಳನ್ನು ಯಾಕೆ ಕೇಳಲಿಲ್ಲ, ಗೌಡನೇ ಯಾಕೆ ಇಳಿಯಲಿಲ್ಲ ಎಂದು ಒಬ್ಬಳಾದರೂ ಹುಡುಗಿ ಕೇಳಿಯೇ ಕೇಳುತ್ತಾಳೆ. ಸರ್ಕಲ್ಲಿನ ನಗುವ ಬೊಂಬೆಯನ್ನು ನೋಡಿದಾಗ ನನಗೆ ಅವಳ ನೆನಪೇ ಬರುವುದು. ಊರಿನ ನೀರಿನ ಕಷ್ಟವನ್ನು ಒಬ್ಬಳ ತಲೆಗೆ ಕಟ್ಟಿ, ಆಮೇಲೆ ಅವಳಿಗೆ ಪೂಜೆ ಮಾಡುವುದು ನಮಗೆ ಹಳೆಯ ಅಭ್ಯಾಸ.

ಹೆಂಗಸಿನ ಪ್ರತಿಮೆ ಬೇಕೇ ಬೇಕು ಎನ್ನುವವರಿಗೆ ಪ್ಯಾರಿಸಿನ ಒಂದು ಮಾತು. 1870-71ರ ಯುದ್ಧದಲ್ಲಿ ಆ ನಗರಕ್ಕೆ ಮುತ್ತಿಗೆ ಬಿದ್ದು ಜನ ನರಳಿದ ಮೇಲೆ ರಿಚರ್ಡ್ ವ್ಯಾಲೇಸ್ ಎಂಬ ಇಂಗ್ಲಿಷ್ ಸಿರಿವಂತ ತನ್ನ ಹಣದಿಂದ ಬೀದಿಬೀದಿಗೆ ಎರಕದ ಕಬ್ಬಿಣದ ನೀರಿನ ಕಂಬಗಳನ್ನು ಕೊಟ್ಟ. 1872ರಿಂದ ಅವು ನಿಂತವು. ಶಾರ್ಲ್ ಲಬೂರ್ ಎಂಬ ಶಿಲ್ಪಿ ಮಾಡಿದ ನಾಲ್ವರು ಹೆಂಗಸರೇ ಅಲ್ಲೂ ಇರುವುದು, ಬೆನ್ನಿಗೆ ಬೆನ್ನು ಕೊಟ್ಟು ಗುಮ್ಮಟ ಹೊತ್ತು ನಿಂತಿದ್ದಾರೆ. ಆದರೆ ಅವರ ನಡುವೆ ಸಣ್ಣಗೆ ಬೀಳುವುದು ಕುಡಿಯುವ ನೀರು. ಮೊದಲು ಸರಪಳಿಗೆ ಕಟ್ಟಿದ ಲೋಟಗಳಿದ್ದವು, ಆರೋಗ್ಯದ ದೃಷ್ಟಿಯಿಂದ 1952ರಲ್ಲಿ ತೆಗೆದರು. ಇಂದಿಗೂ ದಾರಿಹೋಕರು ಅಲ್ಲಿ ಬಾಟಲಿ ತುಂಬಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅರವಟ್ಟಿಗೆ ಎಂಬ ಪದವಿತ್ತು, ಅದೇ ಕೆಲಸ. ಈಗ ಬಸ್‌ಸ್ಟ್ಯಾಂಡಿನಲ್ಲಿ ಬಾಯಾರಿದರೆ ಇಪ್ಪತ್ತು ರೂಪಾಯಿಯ ಬಾಟಲಿ ಕೊಳ್ಳಬೇಕು, ಇಲ್ಲವೇ ಹೋಟೆಲಿನವರ ಮುಖ ನೋಡಬೇಕು.

ಕೊನೆಗೆ ಸಭೆಯಲ್ಲಿ ನನ್ನ ಸರದಿ ಬಂದಾಗ ಇಷ್ಟು ಹೇಳಿದೆ. ಅಂದ ಬೇಡವೆನ್ನುವುದಿಲ್ಲ, ದುಡ್ಡು ಇಟ್ಟಿದ್ದೀರಿ, ಖರ್ಚೂ ಮಾಡಿ. ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ಕಸ ತುಂಬಿರುವ ಹಳೆಯ ಕಲ್ಲುಬಾವಿ ಇದೆ. ಅದರ ಹೂಳೆತ್ತಿಸಿ, ಮಳೆನೀರು ಅದಕ್ಕೆ ಇಳಿಯುವಂತೆ ಮಾಡಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿ. ಒಬ್ಬ ಒಳ್ಳೆಯ ಶಿಲ್ಪಿಯನ್ನು ಕರೆಸಿ, ಕೂಲಿಯನ್ನು ಅವನ ಕೈಗೇ ಕೊಡಿ. ಸರ್ಕಲ್ಲಿನಲ್ಲಿ ಒಂದು ಕಲ್ಲಿನ ನಲ್ಲಿಕಂಬ, ಕೆಳಗೆ ದನಕರುಗಳಿಗೆ ಒಂದು ತೊಟ್ಟಿ, ಕೂರಲು ಜಗಲಿ. ನಮ್ಮ ಸುತ್ತಿನ ಕೆರೆಗಳನ್ನೂ ಹೊಳೆಗಳನ್ನೂ ಒಂದು ದೊಡ್ಡ ಚಪ್ಪಡಿಯ ಮೇಲೆ ಕಡೆಸಿ, ವೇದೆ ಎಲ್ಲಿ ಹುಟ್ಟಿತು, ಯಾವ ಕೆರೆ ತುಂಬಿ ಎಲ್ಲಿಗೆ ಹೋಯಿತು ಎಂದು ಮಕ್ಕಳು ಬೆರಳಿಟ್ಟು ಓದುವಂತಿರಲಿ. ಶಿಲ್ಪಿಯ ಹೆಸರನ್ನು ಅದರ ಕೆಳಗೆ ಬರೆಸಿ. ಸೀರೆಯ ಬಣ್ಣದ ವಿಷಯಕ್ಕೆ ನನ್ನ ಅಭಿಪ್ರಾಯ ಏನೂ ಇಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಬಾವಿ ಹೂಳೆತ್ತೋಕೆ ಈ ಹೆಡ್ಡಿನಲ್ಲಿ ಬರಲ್ಲ" ಎಂದರು ಒಬ್ಬರು. "ನಲ್ಲಿ ಇಟ್ರೆ ಅಲ್ಲಿ ಬಿಂದಿಗೆ ಕ್ಯೂ ನಿಲ್ಲತ್ತೆ, ಗಲೀಜಾಗತ್ತೆ" ಎಂದರು ಇನ್ನೊಬ್ಬರು. ಅಂದರೆ ಫೈಬರಿನ ಬಿಂದಿಗೆ ಅಂದ, ನಿಜವಾದ ಬಿಂದಿಗೆ ಗಲೀಜು. ಇದಕ್ಕಿಂತ ಸ್ಪಷ್ಟವಾಗಿ ನಾನೂ ಹೇಳಲಾರೆ. ನಡಾವಳಿಯಲ್ಲಿ 'ಶಿಕ್ಷಕಿಯವರ ಸಲಹೆಯನ್ನು ಪರಿಶೀಲಿಸುವುದು' ಎಂದು ಬರೆದುಕೊಂಡರು, ನಾನು ಸಹಿ ಹಾಕಿದೆ, ಬೋಂಡಾ ಕಾಫಿ ಬಂತು.

ಹೊರಗೆ ಬರುವಾಗ ಇಂಜಿನಿಯರು ಹಿಂದೆಯೇ ಬಂದು ತಗ್ಗಿದ ದನಿಯಲ್ಲಿ, "ಬಾವಿ ವಿಷಯ ಬರೆದು ಕೊಡಿ ಮೇಡಂ, ಜನರ ಸಹಿ ಇದ್ರೆ ನಾನು ಮೇಲಕ್ಕೆ ಕಳಿಸ್ತೀನಿ" ಎಂದರು. ನಮ್ಮ ಬೀದಿಯಲ್ಲೂ ಹಿಂದಿನ ಬೀದಿಯಲ್ಲೂ ತಿರುಗಿದೆ. ಗಂಡನನ್ನು ಕೇಳಿ ಹಾಕುತ್ತೇನೆ ಎಂದವರು ಕೆಲವರು, ಪೆನ್ನು ಕಸಿದುಕೊಂಡು ಹಾಕಿದವರು ಹಲವರು. ಹೆಬ್ಬೆಟ್ಟು ಒತ್ತಿದ ಅಜ್ಜಿಯೊಬ್ಬರು, "ಆ ಬಾವಿ ನೀರಲ್ಲೇ ಕಣವ್ವ ನನ್ನ ಗಂಗೆಪೂಜೆ ಆಗಿದ್ದು" ಎಂದರು. ನಲವತ್ತಮೂರು ಸಹಿಗಳಾಗಿವೆ.

ಮುಂದಿನ ಸಭೆಯನ್ನು ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದಾರೆ. ಗುರುವಾರ ನಮ್ಮ ಬೀದಿಗೆ ನೀರು ಬರುವ ದಿನ, ಸಹಿ ಹಾಕಿದವರಲ್ಲಿ ಒಬ್ಬರೂ ಮನೆ ಬಿಟ್ಟು ಬರುವ ಹಾಗಿಲ್ಲ. ದಿನ ಬದಲಿಸಬೇಕೆಂದು ಒಂದು ಅರ್ಜಿ ಬರೆದು, ಸಹಿಗಳ ನಕಲು ಲಗತ್ತಿಸಿ, ನಿನ್ನೆ ಕೊಟ್ಟು ಸ್ವೀಕೃತಿ ಪಡೆದು ಬಂದಿದ್ದೇನೆ.